ಸುರಗಿ, ಅತ್ತರು ಮತ್ತು ನನ್ನ ಸೇಡು

ನನ್ನ ಕಾಯಿಲೆಯ ಬಗ್ಗೆ ಬರೆಯಲು ಎರಡು ಕಾರಣಗಳಿವೆ. ಕಾರವಾರದ ಒಂದು ದವಾಖಾನೆಯ ಬೆಂಚಿನ ಮೇಲೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಗುರುತಿನವರು ಯಾರೂ ಬಾರದಿರಲಿ ಎಂದು ಬೇಡಿಕೊಳ್ಳುತ್ತ ಕೂತಿರುವ ಯಾವಳೋ ಒಬ್ಬಳಿಗೆ, ಅಲ್ಲಿ ನಾನೂ ಕೂತಿದ್ದೆ, ಎದ್ದು ಮನೆಗೂ ಹೋದೆ ಎಂದು ತಿಳಿಯಬೇಕು. ಇದು ಒಂದು. ಇನ್ನೊಂದು ಕಾರಣ ನನ್ನ ಭಾವ. ಅವರ ಕಣ್ಣಿಗೆ ಇದು ಬೀಳಬೇಕು. ಕಾಯಿಲೆ ವಾಸಿಯಾದ ಮೇಲೆ ಮನಸ್ಸು ತಿಳಿಯಾಗುತ್ತದೆ, ಎಲ್ಲರ ಮೇಲೂ ಕರುಣೆ ಹುಟ್ಟುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಹಾಗಾಗಲಿಲ್ಲ.

ನನ್ನ ಹೆಸರು ರೇವತಿ. ಅಂಕೋಲೆಯ ಕಡಲ ದಂಡೆಯ ಮೀನುಗಾರರ ಮನೆಯವಳು. ಆಯಿ, ಅಂದರೆ ನನ್ನ ತಾಯಿ, ಅಂಕೋಲೆಯ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಮದುವೆಯಾಗಿ ನಾನು ಬಂದದ್ದು ಕಾರವಾರದ ಕೋಡಿಬಾಗಕ್ಕೆ. ಗಂಡ ಗಣಪತಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ತಂದೆ ಕಡಲಲ್ಲಿ ತೀರಿಹೋದಾಗ ಇವರಿನ್ನೂ ಶಾಲೆಯಲ್ಲಿದ್ದರು. ಸಾಕಿ, ಓದಿಸಿ, ಮದುವೆ ಮಾಡಿಸಿದವರು ಅಣ್ಣ ಮಾರುತಿ, ಅಂದರೆ ನನ್ನ ಭಾವ. ಅಂಕೋಲೆಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವರದು ಪಾತ್ರೆ ಅಂಗಡಿ. ಅವರಿಗೂ ಅವರ ಹೆಂಡತಿ ಲಲಿತಕ್ಕನಿಗೂ ಮಕ್ಕಳಿರಲಿಲ್ಲ. ನಮಗೆ ಒಬ್ಬಳೇ ಮಗಳು, ಚಿತ್ರಾ. ನಾನು ಕಾಯಿಲೆ ಬಿದ್ದ ವರ್ಷ ಅವಳು ಒಂದನೇ ಕ್ಲಾಸಿಗೆ ಸೇರಿದ್ದಳು.

ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದೆ. ಮೊದಲಿನಿಂದಲೂ ನನಗೆ ಪರಿಮಳವೆಂದರೆ ಪ್ರಾಣ. ಮೀನಿನ ಮನೆಯಲ್ಲಿ ಬೆಳೆದದ್ದಕ್ಕೋ ಏನೋ, ಮೂಗು ಬಹಳ ಚುರುಕು. ಹೊಸ ಬಟ್ಟೆ ಕೈಗೆ ಬಂದರೆ ಕತ್ತರಿ ಹಾಕುವ ಮುಂಚೆ ಒಮ್ಮೆ ಮೂಸಿ ನೋಡುತ್ತಿದ್ದೆ. ಸಂಜೆ ಹೂವು ಮುಡಿಯದೆ ಬಾಗಿಲಿಗೆ ಬರುತ್ತಿರಲಿಲ್ಲ. ದುಬೈಯಿಂದ ರಜೆಗೆ ಬಂದ ಪಕ್ಕದ ಮನೆಯವರು ಕೊಟ್ಟ ಸೆಂಟಿನ ಬಾಟಲಿಯನ್ನು ಖಾಲಿಯಾದ ಮೇಲೂ ಸೀರೆಗಳ ನಡುವೆ ಇಟ್ಟುಕೊಂಡಿದ್ದೆ. ಗಣಪತಿ ಡಿಪೋದಿಂದ ಬಂದು ಅಂಗಿ ಬಿಚ್ಚಿದರೆ, ಗ್ರೀಸಿನ ವಾಸನೆಯ ಮೇಲಿಂದಲೇ ಅವರು ಯಾವ ಬಸ್ಸಿನ ಕೆಳಗೆ ಮಲಗಿದ್ದರು ಎಂದು ಹೇಳುತ್ತೇನೆಂದು ತಮಾಷೆ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಒಲೆಯ ಮೇಲಿನ ಬಂಗಡೆ ಸಾರು ತಳ ಹಿಡಿದು ಕಪ್ಪಾಗಿ ಹೊಗೆ ಎದ್ದಿತು. ಪಕ್ಕದ ಮನೆಯಾಕೆ ಓಡಿ ಬಂದು ಗ್ಯಾಸು ಆರಿಸಿದಳು. ನಾನು ಆ ಒಲೆಯ ಎದುರಿಗೇ ನಿಂತಿದ್ದೆ. ನನಗೆ ವಾಸನೆ ಬಂದಿರಲಿಲ್ಲ. ಬಂದಿದ್ದರೂ ಕೈ ಎತ್ತುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆ ಹೊತ್ತಿಗಾಗಲೇ ತಲೆ ಬಾಚುವುದು ಒಂದು ಗುಡ್ಡ ಹತ್ತಿದಷ್ಟು ಕಷ್ಟವಾಗಿತ್ತು. ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸಿ ಹಾಗೇ ಇದ್ದುಬಿಡುತ್ತಿದ್ದೆ. ಚಿತ್ರಾ ಬಂದು ತೊಡೆಯ ಮೇಲೆ ಕೂತರೆ ಯಾರದೋ ಮಗು ಕೂತಂತೆ ಅನಿಸುತ್ತಿತ್ತು.

ಎಲ್ಲರೂ ಕಾರಣ ಕೇಳಿದರು. ಗಂಡ ಕುಡಿಯುತ್ತಾನಾ, ಹೊಡೆಯುತ್ತಾನಾ, ಗಂಡು ಮಗು ಇಲ್ಲವೆಂಬ ಚಿಂತೆಯಾ. ಯಾವುದೂ ಅಲ್ಲ. ನನ್ನ ಹತ್ತಿರ ಕೊಡಲು ಕಾರಣವೇ ಇರಲಿಲ್ಲ. ನನ್ನಂಥವರಿಗೆ ಇದೇ ದೊಡ್ಡ ಕಷ್ಟ. ಕಾರಣವಿಲ್ಲದ ಜಾಗದಲ್ಲಿ ಯಾರು ಬೇಕಾದರೂ ತಮ್ಮ ಕಾರಣವನ್ನು ತಂದು ಇಡಬಹುದು. ಇಟ್ಟವರು ಭಾವ.

ಅವರು ನಮ್ಮನ್ನು ಅಂಕೋಲೆಗೆ ಕರೆಸಿಕೊಂಡರು. ಮನೆಗೆ ನೋಟ ನೋಡುವವನೊಬ್ಬ ಬಂದಿದ್ದ. ನೋಟವೆಂದರೆ, ಹತ್ತಿದ್ದು ಗಾಳಿಯೋ, ಯಾರೋ ಮಾಡಿಸಿದ್ದೋ ಎಂದು ಅಕ್ಕಿಕಾಳು ಎಸೆದು ಹೇಳುವುದು. ದಪ್ಪ ಮನುಷ್ಯ, ಕೈತುಂಬ ಉಂಗುರ. ನನ್ನನ್ನು ಸರಿಯಾಗಿ ನೋಡಲೂ ಇಲ್ಲ. ಭಾವನನ್ನೇ ನೋಡುತ್ತ ಹೇಳಿದ.

"ಈ ಹೆಂಗಸಿಗೆ ಪರಿಮಳ ಅಂದ್ರೆ ಭಾರೀ ಆಸೆ. ಹೌದೋ ಅಲ್ಲೋ?"

"ಹೌದು ಹೌದು," ಎಂದರು ಭಾವ. "ಮನೆ ತುಂಬ ಸೆಂಟಿನ ಬಾಟ್ಲಿ."

"ಆ ವಾಸನೆ ಹಿಡ್ಕಂಡೇ ಅದು ಬಂದದೆ. ಹೂವು, ಸೆಂಟು, ಪೌಡರು, ವಾಸನೆ ಸೋಪು, ಊದಿನಕಡ್ಡಿ, ಎಲ್ಲ ಬಂದ್ ಮಾಡಿ. ಅದಕ್ಕೆ ಉಪವಾಸ ಬೀಳ್ಬೇಕು. ಮತ್ತೆ ಮಗುವನ್ನ ಇವಳ ಹತ್ರ ಬಿಡಬೇಡಿ. ಸಣ್ಣ ಮೈ ಕಂಡ್ರೆ ದಾಟ್ತದೆ."

ಕೊನೆಯ ಮಾತು ಹೇಳುವಾಗ ಭಾವನ ಮುಖ ಹೇಗಿತ್ತು ಎಂದು ನನಗೆ ನೆನಪಿದೆ. ಕಾಯಿಲೆಯಲ್ಲಿ ಎಷ್ಟೋ ಮರೆತೆ, ಅದನ್ನು ಮರೆಯಲಿಲ್ಲ. ಅವರಿಗೆ ಸಮಾಧಾನವಾಗಿತ್ತು.

ಹಿತ್ತಲಿನಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಮಣ್ಣಿನ ಗಡಿಗೆಯಲ್ಲಿ ಕೆಂಡ ಹಾಕಿ ಒಣಮೆಣಸು, ಸಾಸಿವೆ ಸುರಿದರು. ತಲೆಯ ಮೇಲಿಂದ ಕಂಬಳಿ ಮುಚ್ಚಿದರು. ನಾನು ಏಳಲು ಹೋದಾಗ ಕುತ್ತಿಗೆಯನ್ನು ಕೆಳಗೆ ಒತ್ತಿ ಹಿಡಿದ ಕೈ ಆ ದಪ್ಪ ಮನುಷ್ಯನದಲ್ಲ. ಅವನ ಬೆರಳಿಗೆ ಉಂಗುರಗಳಿದ್ದವು. ನನ್ನ ಕುತ್ತಿಗೆಯ ಮೇಲಿದ್ದ ಕೈಯಲ್ಲಿ ಉಂಗುರವಿರಲಿಲ್ಲ, ಪಾತ್ರೆ ತಿಕ್ಕುವ ಪಾಲಿಶಿನಿಂದ ಒರಟಾದ ಬೆರಳುಗಳಿದ್ದವು. ಕಂಬಳಿಯ ಹೊರಗೆ ಗಣಪತಿ ಹೇಳಿದ್ದು ಕೇಳಿಸಿತು. "ಅಣ್ಣ, ಸಾಕಲ್ಲ?" ಅಷ್ಟೇ. ಹತ್ತಿರ ಬರಲಿಲ್ಲ.

ಕೆಮ್ಮಿ ಕೆಮ್ಮಿ ಗಂಟಲಿನಿಂದ ರಕ್ತ ಬಂತು. ಸಂಜೆ ಬಸ್ಸಿಗೆ ಹೊರಟಾಗ ಚಿತ್ರಾಳನ್ನು ಲಲಿತಕ್ಕ ಎತ್ತಿಕೊಂಡಿದ್ದಳು. "ಸ್ವಲ್ಪ ದಿನ ಇಲ್ಲೇ ಇರಲಿ, ಇಲ್ಲೇ ಶಾಲೆಗೆ ಹಾಕ್ತೆ," ಎಂದರು ಭಾವ. ನಾನು ಬಸ್ಸಿನಲ್ಲಿ ಕೂತೆ. ಅಳಲೂ ಇಲ್ಲ. ಅಳುವಷ್ಟು ಏನೂ ಉಳಿದಿರಲಿಲ್ಲ.

ಮೀನುಪೇಟೆಯಲ್ಲಿ ಸುದ್ದಿಗೆ ಕಾಲು ಬರುವುದು ಬೇಗ. ಕೆಲವೇ ದಿನಗಳಲ್ಲಿ ಆಯಿ ಬುಟ್ಟಿಯನ್ನು ಬೇರೆಯವರಿಗೆ ಒಪ್ಪಿಸಿ ಕಾರವಾರಕ್ಕೆ ಬಂದಳು. ನನ್ನ ಬಾಯಿ ತೆರೆಸಿ ಗಂಟಲು ನೋಡಿದಳು. ಆಮೇಲೆ ಗಣಪತಿಯ ಕಡೆ ತಿರುಗಿದಳು.

"ನಿಮ್ಮ ಅಣ್ಣ ಇವಳನ್ನ ಒಣಮೀನು ಮಾಡೂಕೆ ಹೊರಟಿದ್ನಾ?"

ಗಣಪತಿ ತಲೆ ತಗ್ಗಿಸಿಕೊಂಡರು. "ಅಣ್ಣನ ಎದ್ರು ಮಾತಾಡೂಕೆ ಆಗೂದಿಲ್ಲ ಅತ್ತೆ."

"ಆಗೂದಿಲ್ಲ ಅಂದ್ರೆ ಸುಮ್ನಿರು. ನಾ ಡಾಕ್ಟರ್ ಹತ್ರ ಕರ್ಕಂಡು ಹೋಗ್ತೆ. ಅದನ್ನೂ ಅಣ್ಣನಿಗೆ ಹೇಳಬೇಡ."

ಅವರು ಹೇಳಲಿಲ್ಲ. ನನ್ನ ಗಂಡ ನನಗಾಗಿ ಮಾಡಿದ ಮೊದಲ ಸಹಾಯ ಆ ಮೌನ. ಅದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಮನಸ್ಸಿನ ಡಾಕ್ಟರ್ ವಾರಕ್ಕೊಮ್ಮೆ ಹೊರಗಿನಿಂದ ಬರುತ್ತಿದ್ದರು. ಅವರ ಕೋಣೆಯ ಎದುರು ಕೂರುವವರು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಬೈತಖೋಲದ ಬಂದರಿನಲ್ಲಿ ಲೋಡಿಂಗ್ ಕೆಲಸ ಮಾಡುವ ಗಟ್ಟಿಮುಟ್ಟಾದ ಗಂಡಸೊಬ್ಬ ಗೋಡೆಗೆ ಮುಖ ಮಾಡಿ ಕೂತಿದ್ದ. ನಮ್ಮ ಓಣಿಯ ಹೆಂಗಸೊಬ್ಬಳು ನನ್ನನ್ನು ಕಂಡು, ಕೇಳದಿದ್ದರೂ, "ನಾ ಹಲ್ಲು ತೋರ್ಸೂಕೆ ಬಂದದ್ದು," ಎಂದಳು. ಹಲ್ಲಿನ ಡಾಕ್ಟರ್ ಕೂರುತ್ತಿದ್ದದ್ದು ಆ ಕಟ್ಟಡದಲ್ಲೇ ಅಲ್ಲ. ಆಯಿ ಮಾತ್ರ ಮೀನುಪೇಟೆಯಲ್ಲಿ ಕೂತಂತೆಯೇ ಕಾಲು ಚಾಚಿ ಕೂತು, ನನ್ನ ಹೆಸರು ಕರೆದಾಗ "ಇಲ್ಲಿದೇವೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಅಲ್ಲೊಂದು ಸಂಗತಿ ನಡೆಯಿತು. ನನ್ನ ಪಕ್ಕದಲ್ಲಿ ವಯಸ್ಸಾದ ಒಬ್ಬಾಕೆ, ರೋಗಿ ಅವಳೋ ಅವಳ ಮಗನೋ ಗೊತ್ತಾಗಲಿಲ್ಲ, ಬಾಳೆ ಎಲೆಯ ಪೊಟ್ಟಣ ಬಿಚ್ಚಿ ಒಳಗಿದ್ದ ಸುರಗಿ ಮಾಲೆಗೆ ನೀರು ಚಿಮುಕಿಸಿದಳು. ಸುರಗಿ ನಮ್ಮ ಕಡೆ ಬೇಸಿಗೆಯ ಆರಂಭದಲ್ಲಿ ಬರುವ ಹೂವು. ಗಾತ್ರ ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು, ಪರಿಮಳ ಮಾತ್ರ ಮನೆ ತುಂಬುವಷ್ಟು, ಜೇನಿನ ಹಾಗೆ. ತಿಂಗಳುಗಟ್ಟಲೆ ಸತ್ತು ಬಿದ್ದಿದ್ದ ನನ್ನ ಮೂಗಿಗೆ ಎಲ್ಲೋ ದೂರದಿಂದ ಅದು ಬಂದು ತಾಗಿತು. ಒಂದೇ ಒಂದು ಎಳೆ. ನಾನು ಅತ್ತುಬಿಟ್ಟೆ. ಆಕೆ ಮಾಲೆಯ ಒಂದು ತುಂಡನ್ನು ಹರಿದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಡಾಕ್ಟರ್ ಧಾರವಾಡದ ಕಡೆಯ ಹೆಂಗಸು. ನನ್ನ ಮುಚ್ಚಿದ ಮುಷ್ಟಿ ನೋಡಿ, "ಏನೈತ್ರಿ ಅದರಾಗ?" ಎಂದರು. ತೋರಿಸಿದೆ. ಇಷ್ಟು ದಿನ ವಾಸನೆಯೇ ಬರುತ್ತಿರಲಿಲ್ಲ, ಇವತ್ತು ಸ್ವಲ್ಪ ಬಂತು ಎಂದೆ. ಹೂವು ಮುಡಿಯಬಾರದೆಂದು ಹೇಳಿದ್ದಾರೆ, ಹೊಗೆ ಹಾಕಿದ್ದಾರೆ ಎಂದೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ನಿಮಗಿರೂದು ಖಿನ್ನತೆ. ಕಾಯಿಲೆ ಅದು, ಗಾಳಿ ಅಲ್ಲ. ಗುಳಿಗಿ ಕೊಡ್ತೀನಿ, ಕೆಲಸ ಮಾಡಾಕ ಕೆಲವು ವಾರ ಬೇಕು. ಅಲ್ಲೀತನಕ ದಿನಕ್ಕೊಂದು ಪರಿಮಳ ಹಿಡಕೊಂಡು ಕೂಡ್ರಿ. ಖುಷಿ ಆಗಬೇಕಂತಿಲ್ಲ. ಮೂಗಿಗೆ ಏನು ಬಂತು, ಅಷ್ಟ ನೋಡ್ರಿ. ಗುಳಿಗಿ ಬಿಟ್ಟು ಬರೇ ಹೂವಿನ ಮ್ಯಾಲ ಕುಂತೀರಿ ಅಂದ್ರ ಬೈತೀನಿ."

ಹಾಗೆ ಶುರುವಾಯಿತು. ಬೆಳಿಗ್ಗೆ ಗಣಪತಿ ಡಿಪೋಗೆ ಹೋದ ಮೇಲೆ ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಆಯಿ ವಾರವಾರ ಬರುವಾಗ ಸೊಂಟದ ಚೀಲದಲ್ಲಿ, ಮೀನು ತಾಗದಂತೆ, ಏನಾದರೊಂದು ತರುತ್ತಿದ್ದಳು. ಒಣಗಿದರೂ ಪರಿಮಳ ಬಿಡದ ಬಕುಲದ ಮಾಲೆ, ಮಾವಿನಶುಂಠಿ, ಮಳೆ ಶುರುವಾದ ಮೇಲೆ ಕೇದಗೆಯ ಗರಿ. ಮೊದಮೊದಲು ಬರಿಯ ಪ್ರಯತ್ನ. ಕೇದಗೆಯನ್ನು ಮೂಗಿಗೆ ಹಿಡಿದು ಕೂತರೂ ಕಾಗದ ಮೂಸಿದಂತಿರುತ್ತಿತ್ತು. ಸಿಟ್ಟಿನಿಂದ ಎಸೆದದ್ದೂ ಇದೆ. ಗುಳಿಗೆಯಿಂದ ಬಾಯಿ ಒಣಗುತ್ತಿತ್ತು, ಹಗಲೆಲ್ಲ ತೂಕಡಿಕೆ. ಆಮೇಲೆ ಒಂದು ದಿನ ಕೊತ್ತಂಬರಿ ಹುರಿಯುವಾಗ ಆ ವಾಸನೆ ಸರಿಯಾಗಿ, ಇಡಿಯಾಗಿ ಬಂತು. ನಾನು ಸೌಟು ಹಿಡಿದುಕೊಂಡೇ ನಿಂತು ನಕ್ಕೆ.

ಪೇಟೆಯಲ್ಲಿ ಅತ್ತರು ಮಾರುವ ಒಬ್ಬ ಸಾಹೇಬರಿದ್ದರು. ಹೊರಗೆ ಹೋಗುವ ಧೈರ್ಯ ಬಂದ ಮೇಲೆ ಅವರ ಗೂಡಂಗಡಿಯ ಮುಂದೆ ನಿಲ್ಲತೊಡಗಿದೆ. ಅವರು ಗಾಜಿನ ಕಡ್ಡಿಯಿಂದ ನನ್ನ ಕೈ ಹಿಂಭಾಗಕ್ಕೆ ಒಂದು ಗೆರೆ ಎಳೆಯುತ್ತಿದ್ದರು. "ಈಗಲೇ ಮೂಸಬೇಡಿ ಅಮ್ಮಾ. ಬಸ್‌ಸ್ಟ್ಯಾಂಡ್ ಮುಟ್ಟಿದ ಮೇಲೆ ನೋಡಿ, ಆಗ ಅದು ತನ್ನ ನಿಜ ಹೇಳ್ತದೆ." ಖಸ್ ಎಂಬ ಅತ್ತರು ನನಗೆ ಹಿಡಿಸಿತು. ಲಾವಂಚದ ಬೇರಿನದು, ತಂಪು, ಒದ್ದೆ ಮಣ್ಣಿನ ಹಾಗೆ. ಕೈಗೆ ಹಚ್ಚಿಕೊಂಡ ದಿನ ಹೊಲಿಗೆ ಯಂತ್ರದ ಮುಂದೆ ಕೂರಲು ಆಗುತ್ತಿತ್ತು. ಮನಸ್ಸು ಕೆಳಗೆ ಜಾರುತ್ತಿದೆ ಅನಿಸಿದಾಗ ಕೈಯನ್ನು ಮೂಗಿಗೆ ತರುತ್ತಿದ್ದೆ. ಅಷ್ಟು ಹೊತ್ತು ಜಾರುವುದು ನಿಲ್ಲುತ್ತಿತ್ತು. ಅದು ವಾಸಿ ಮಾಡಿತೆಂದು ಹೇಳಲಾರೆ. ಗುಳಿಗೆ ವಾಸಿ ಮಾಡುವ ತನಕ ನನ್ನನ್ನು ಹಿಡಿದು ನಿಲ್ಲಿಸಿತು.

ಪರಿಮಳದ ಹಿಂದೆಯೇ ನನ್ನೊಳಗೆ ಮೊದಲು ಮರಳಿದ್ದು ಸಂತೋಷವಲ್ಲ. ಸಿಟ್ಟು.

ಅದಕ್ಕೆ ಕಾರಣವಿತ್ತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಚಿತ್ರಾಳನ್ನು ನೋಡಲು ಅಂಕೋಲೆಗೆ ಹೋಗಿದ್ದೆ. ಸಂಭ್ರಮದಲ್ಲಿ ಮಲ್ಲಿಗೆ ಮುಡಿದಿದ್ದೆ. ಅವಳು ಅಂಗಳದಲ್ಲಿ ಆಡುತ್ತಿದ್ದವಳು ನನ್ನನ್ನು ಕಂಡು ಓಡಿ ಬಂದಳು. ಹತ್ತಿರ ಬಂದವಳು ಗಕ್ಕನೆ ನಿಂತು, ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

"ಹೂವು ಮುಡ್ದಿದ್ಯಲ್ಲ ಆಯಿ. ದೊಡ್ಡಪ್ಪ ಹೇಳಿದ್ದಾರೆ, ನಿನ್ನ ಹತ್ರ ಹೂವಿನ ವಾಸನೆ ಬಂದ್ರೆ ಅದು ನಮ್ಮ ಆಯಿ ಅಲ್ಲ, ಅದು ಬೇರೆ ಅಂತ."

ನಾನು ಮಲ್ಲಿಗೆಯನ್ನು ಕಿತ್ತು ಬೇಲಿಯಾಚೆ ಎಸೆದೆ. ಆಮೇಲೆ ಅವಳು ಬಂದಳು, ಆದರೆ ಮೈ ಬಿಗಿಮಾಡಿಕೊಂಡೇ. ಭಾವ ಜಗುಲಿಯಿಂದ ನೋಡುತ್ತಿದ್ದರು. "ಹೂವು ಬಿಟ್ಯಲ್ಲ, ಒಳ್ಳೇದಾಯ್ತು," ಎಂದರು.

ವಾಪಸು ಬರುವ ದಾರಿಯುದ್ದಕ್ಕೂ ಅವರ ಮಾತು ಕಿವಿಯಲ್ಲಿತ್ತು. ಆ ವಾರ ಡಾಕ್ಟರಿಗೆ ಹೇಳಿದೆ, "ಭಾವನ ಮೇಲೆ ಭಾರೀ ಸಿಟ್ಟು ಬರ್ತದೆ. ಮೀನು ಕೊಯ್ಯೂವಾಗ ಅವರ ಮುಖವೇ ಕಾಣ್ತದೆ."

"ಕೈ ಎತ್ತೂ ವಿಚಾರ ಐತೇನು?"

"ಇಲ್ಲ. ನಾಲ್ಕು ಜನರ ಎದ್ರಿಗೆ ಅವರ ಮುಖ ಸಣ್ಣ ಆಗ್ಬೇಕು. ನನ್ನ ಮಗಳು ಅದನ್ನ ನೋಡ್ಬೇಕು."

ಅವರು ಚೀಟಿ ಬರೆದುಕೊಟ್ಟರು. "ಹಂಗಾದ್ರ ಗುಳಿಗಿ ತಪ್ಪಿಸಬ್ಯಾಡ್ರಿ. ಅದಕ್ಕ ಶಕ್ತಿ ಬೇಕು."

ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ಮಗಳ ಮೇಲಿನ ಪ್ರೀತಿ ನನ್ನನ್ನು ಎಬ್ಬಿಸಿತು ಎಂದರೆ ಕೇಳಲು ಚೆಂದ. ಕೆಲವು ಬೆಳಿಗ್ಗೆ ಪ್ರೀತಿ ಕೈಗೆ ಸಿಗುತ್ತಲೇ ಇರಲಿಲ್ಲ. ಭಾವನ ಆ ಒಂದು ಮಾತು ಮಾತ್ರ ತಪ್ಪದೆ ಸಿಗುತ್ತಿತ್ತು. ಅದನ್ನು ನೆನೆದು ಎದ್ದು ಹಲ್ಲುಜ್ಜಿದ್ದೇನೆ, ಅನ್ನ ಉಂಡಿದ್ದೇನೆ. ಅಂಕೋಲೆಗೆ ಹೋಗುವಾಗಲೆಲ್ಲ ಕಡಲೆಹಿಟ್ಟಿನಲ್ಲಿ ಮೈ ತೊಳೆದು, ಹೂವಿಲ್ಲದ ತುರುಬು ಕಟ್ಟಿ, ಬಾಡಿದ ಸೀರೆ ಉಟ್ಟು ಹೋದೆ. ತಲೆ ತಗ್ಗಿಸಿ "ಹೌದು ಭಾವ" ಎಂದೆ. ಅವರು ನಂಬಿದರು.

ಮಳೆಗಾಲ ಮುಗಿಯುತ್ತಿದ್ದಂತೆ ಅವರು ತಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಗಾಳಿ ನನ್ನನ್ನು ಬಿಟ್ಟುಹೋಯಿತೆಂಬ ಸಂತೋಷಕ್ಕೆ. ನೋಟದವನಿಗೆ ಶಾಲು ಹೊದೆಸುವ ಕಾರ್ಯಕ್ರಮವೂ ಇತ್ತು. ನೆಂಟರು, ಅಂಗಡಿಯ ಅಕ್ಕಪಕ್ಕದವರು, ಆಯಿಯ ಜೊತೆ ಮೀನುಪೇಟೆಯ ನಾಲ್ಕಾರು ಹೆಂಗಸರು, ಜಗುಲಿ ತುಂಬಿತ್ತು. ಪ್ರಸಾದವಾದ ಮೇಲೆ ಭಾವ ಎದ್ದು ನಿಂತರು.

"ಇವರು ಹೇಳಿದ ಹಾಗೆ ಪರಿಮಳ ಪೂರಾ ಬಿಡಿಸಿದೆವು. ನೋಡಿ, ಇವತ್ತು ರೇವತಿ ಎಷ್ಟು ಆರಾಮ ಇದ್ದಾಳೆ. ಆದ್ರೂ ಚಿತ್ರಾ ಇಲ್ಲೇ ಇರ್ತಾಳೆ, ನಮ್ಮ ಮಗಳ ಹಾಗೆ ಬೆಳೀತಾಳೆ ಅಂತ ನಾವು ತೀರ್ಮಾನ ಮಾಡಿದೇವೆ."

ನೋಟದವನೂ ತಲೆಯಾಡಿಸಿದ. "ಅದಕ್ಕೆ ಪರಿಮಳವೇ ಅನ್ನ. ಒಂದು ಹನಿ ತಾಗಿದ್ರೂ ಬಿಟ್ಟು ಹೋಗ್ತಿರಲಿಲ್ಲ. ಈಗ ಇವಳ ಮೈ ಸ್ವಚ್ಛ. ನಾ ಜವಾಬ್ದಾರಿ."

"ಖರೇ ಸ್ವಚ್ಛ ಅದೆಯಾ?" ಎಂದು ನಾನು ಕೇಳಿದೆ. "ಇನ್ನೊಂದ್ಸಲ ನೋಡಿ ಹೇಳಿ."

ಅವನು ಅಕ್ಕಿಕಾಳು ಎಸೆದು ನೋಡಿದ. "ಪೂರಾ ಸ್ವಚ್ಛ."

ನಾನು ಚೀಲ ತೆರೆದು ಒಂದೊಂದನ್ನೇ ಅವನ ಮುಂದಿನ ಚಾಪೆಯ ಮೇಲಿಟ್ಟೆ. ಖಸ್, ಹಿನಾ, ಗುಲಾಬಿ ಅತ್ತರಿನ ಖಾಲಿ ಶೀಷೆಗಳು. ಒಣಗಿದ ಬಕುಲದ ಮಾಲೆಗಳು. ವಾಸನೆ ಸೋಪು. ಜೊತೆಗೆ ಗುಳಿಗೆಯ ಖಾಲಿ ಪಟ್ಟಿಗಳು.

"ಇದೆಲ್ಲ ನೀವು ಅದನ್ನ ಉಪವಾಸ ಕೆಡವಿದ ಸಮಯದಲ್ಲಿ ನಾ ಹಚ್ಕಂಡದ್ದು. ಒಂದು ಹನಿ ಅಲ್ಲ, ಶೀಷೆಗಟ್ಟಲೆ. ನಾ ಆರಾಮಾದದ್ದು ಡಾಕ್ಟರ್ ಕೊಟ್ಟ ಗುಳಿಗೆ ತಿಂದು. ಇಷ್ಟು ಅನ್ನ ತಿಂದ ಆ ಗಾಳಿ ಎತ್ಲಾಗೆ ಹೋಯ್ತು, ಅಕ್ಕಿಕಾಳಿಗೆ ಕೇಳಿ ಹೇಳಿ."

ಭಾವ, "ಏ ರೇವತಿ, ಹುಚ್ಚು ಹುಚ್ಚಾಗಿ..." ಎಂದು ಶುರು ಮಾಡಿದರು. ಆಗ ಒಂದು ನಗು ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಲಿತಕ್ಕ. ಬಾಯಿಗೆ ಸೆರಗು ಒತ್ತಿಕೊಂಡಳು, ತಡೆಯಲಾಗಲಿಲ್ಲ. ಆಮೇಲೆ ಮೀನುಪೇಟೆಯ ಹೆಂಗಸರು ನಕ್ಕರು. ಅವರ ನಗು ನಿಮಗೆ ಗೊತ್ತಿಲ್ಲ. ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ನೋಟದವನು ಶಾಲು ಮಡಚಿಕೊಂಡು ಎದ್ದ.

ಚಿತ್ರಾ ಕಂಬದ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ಕೈ ಹಿಡಿದು ಮೆಟ್ಟಿಲಿಳಿದೆ. ಭಾವ ಎದುರು ಬಂದು ನಿಂತರು. ಅವರನ್ನು ಪಕ್ಕಕ್ಕೆ ಸರಿಸಿದ್ದು ನಾನಲ್ಲ, ಗಣಪತಿ. "ದಾರಿ ಬಿಡು ಅಣ್ಣ," ಎಂದರು. ಅಣ್ಣನ ಮುಖ ನೋಡಲಾಗಲಿಲ್ಲ. ಆದರೂ ಹೇಳಿದರು.

ಅದಾದ ಮೇಲೆ ಬಹಳ ಕಾಲ ಅಂಕೋಲೆಯಲ್ಲಿ ಜನ ಭಾವನ ಅಂಗಡಿಗೆ ಹೋಗಿ ಪಾತ್ರೆಗಳ ನಡುವೆ ನಿಂತು, "ಅತ್ತರು ಅದೆಯಾ?" ಎಂದು ಕೇಳುತ್ತಿದ್ದರು. ಆಯಿ ಆ ಸುದ್ದಿಯನ್ನು ಪ್ರತಿ ವಾರ ಹೊಸದಾಗಿ ತರುತ್ತಿದ್ದಳು, ನಾನು ಪ್ರತಿ ವಾರ ಹೊಸದಾಗಿ ಕೇಳುತ್ತಿದ್ದೆ. ನೋಟದವನು ಊರು ಬಿಟ್ಟು ಬೇರೆ ಕಡೆ ಹೋದನಂತೆ. ಅವನು ಅಷ್ಟರಲ್ಲೇ ಪಾರಾದನಲ್ಲ ಎಂಬ ಕೊರಗು ನನಗೆ ಇದೆ.

ಚಿತ್ರಾ ಮೊದಲಿನ ಹಾಗಾಗಲು ಸಮಯ ಹಿಡಿಯಿತು. ಹೂವು ಕಂಡರೆ ಅವಳ ಮೈ ಗಟ್ಟಿಯಾಗುತ್ತಿತ್ತು. ಅವಳು ನಿದ್ದೆಯಲ್ಲಿದ್ದಾಗ ಮಾತ್ರ ನಾನು ಅತ್ತರು ಹಚ್ಚಿಕೊಂಡು ಪಕ್ಕದಲ್ಲಿ ಕೂತ ದಿನಗಳಿವೆ. ನನ್ನ ಕಾಯಿಲೆಯೂ ಮತ್ತೊಮ್ಮೆ ಬಂದು ಹೋಯಿತು. ಎರಡನೆಯ ಸಲ ಅದರ ಮುಖ ಪರಿಚಯವಿತ್ತು, ಆ ವಾರವೇ ಡಾಕ್ಟರ ಬಳಿ ಹೋದೆ. ಸಣ್ಣ ಗುಳಿಗೆಯೊಂದು ಈಗಲೂ ನಡೆದಿದೆ.

ಚಿತ್ರಾ ನಾಲ್ಕನೆಯ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಭಾವ ನಮ್ಮ ಮನೆಗೆ ಬಂದರು. ಒಂದು ಬುಟ್ಟಿ ಮಾವಿನಹಣ್ಣು ತಂದಿದ್ದರು. ಜಗುಲಿಯಲ್ಲೇ ಕುರ್ಚಿ ಹಾಕಿ ಚಹಾ ಕೊಟ್ಟೆ. ಒಳಗೆ ಬನ್ನಿ ಎನ್ನಲಿಲ್ಲ.

"ರಜೆಗೆ ಚಿತ್ರಾನ ಕಳ್ಸು," ಎಂದರು. "ಲಲಿತ ಒಂದೇ ಸವನೆ ಅವಳ ನೆನಪು ತೆಗೀತಾಳೆ. ಆದದ್ದು ಆಗಿ ಹೋಯ್ತು. ಮರ್ತುಬಿಡು."

"ನಂಗೆ ಮರೆತು ಹೋದದ್ದೆಲ್ಲ ವಾಪಸ್ ಬಂದದ್ದಕ್ಕೇ ಆರಾಮಾದದ್ದು ಭಾವ. ಮತ್ತೆ ಮರೀಲಿಕ್ಕೆ ಆಗೂದಿಲ್ಲ."

"ಹಾಗಾದ್ರೆ ಕ್ಷಮೆ ಇಲ್ಲ?"

"ನೀವು ಕೇಳೇ ಇಲ್ಲ," ಎಂದೆ. "ಕೇಳಿದ್ರೂ ಇಲ್ಲ."

ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಗೇಟಿನ ತನಕ ಹೋದಾಗ ನಾನು ಕರೆದು ಹೇಳಿದೆ, "ಲಲಿತಕ್ಕನ್ನ ಕಳ್ಸಿ. ಎಷ್ಟು ದಿನ ಬೇಕಾದ್ರೂ ಇರಲಿ. ನೀವು ಬರೂದು ಬೇಡ."

ಮರುವಾರ ಲಲಿತಕ್ಕ ಒಬ್ಬಳೇ ಬಸ್ಸಿಳಿದು ಬಂದಳು. ಬಂದವಳು ಶಾಲೆ ಶುರುವಾಗುವ ತನಕ ಇದ್ದಳು. ಚಿತ್ರಾಳ ಜೊತೆ ಕಡಲಿಗೆ ಹೋದಳು, ನನ್ನ ಯಂತ್ರದಲ್ಲಿ ಹೊಲಿಯಲು ಕಲಿತಳು. ಒಂದು ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ ಆಯಿ ಬಂದು, ಅಂಕೋಲೆಯಲ್ಲಿ ಮಾರುತಿ ದಿನಾ ಎರಡು ಹೊತ್ತು ಖಾನಾವಳಿಯ ಊಟಕ್ಕೆ ಸಾಲಿನಲ್ಲಿ ನಿಲ್ಲುತ್ತಾನೆ, ಹೆಂಡತಿ ಯಾವಾಗ ಬರುತ್ತಾಳೆಂದು ಕೇಳಿದವರಿಗೆಲ್ಲ ಉತ್ತರ ಕೊಡಲಾಗದೆ ತಡವರಿಸುತ್ತಾನೆ ಎಂದು ಹೇಳಿದಳು.

ಲಲಿತಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಅವಳಿಗೆ ಇನ್ನೊಂದು ತುಂಡು ಮೀನು ಬಡಿಸಿದೆ.